ಕೋವಿಗೆ ಯಾವ ಮದ್ದು? ಮೊದಲು ಕಿಡಿ ನೋಡಿ, ಆಮೇಲೆ ಡಬ್ಬಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಒಂದೇ ಸೀಸನ್ ಇರುವುದಿಲ್ಲ. ಬಿಲ್ಲಿಗೆ ಬೇರೆ ದಿನ, ಆಧುನಿಕ ರೈಫಲ್‌ಗೆ ಬೇರೆ ದಿನ, ಮೂತಿಯಿಂದ ಮದ್ದು ತುಂಬುವ ಮಝಲ್‌ಲೋಡರ್ ಕೋವಿಗೆ ಮತ್ತೆ ಬೇರೆ ದಿನ. ಕೊಲರಾಡೊದಲ್ಲಿ ಈ ಕೋವಿಯವರ ಸರದಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಬೆದೆಗೆ ಬಂದು ಕೂಗುವ ಕಾಲ ಅದು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಮುಗಿದ ಮೇಲೆ ಹಿಮದಲ್ಲಿ ನಡೆಯುವ ಬೇಟೆಗೆ ಚಕಮಕಿ ಕಲ್ಲಿನ ಕೋವಿಯೇ ಬೇಕು. 1974ರಿಂದ ಅದು ಅಲ್ಲಿನ ಪದ್ಧತಿ.

ಹೊಸದಾಗಿ ಇಂಥ ಕೋವಿ ಕೊಂಡವರು ಅಂಗಡಿಗೆ ಹೋಗಿ ಮದ್ದಿನ ಕಪಾಟಿನ ಮುಂದೆ ನಿಂತರೆ ತಲೆ ಕೆಡುತ್ತದೆ. ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209. ಒಂದು ಪುಡಿ, ಇನ್ನೊಂದು ಬಿಲ್ಲೆ. ನಿಜವಾದ ಕರಿಮದ್ದು ಮಾತ್ರ ಕಪಾಟಿನಲ್ಲೇ ಇಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ: ಯಾವುದರಲ್ಲಿ ಗುಂಡು ಜಾಸ್ತಿ ವೇಗವಾಗಿ ಹೋಗುತ್ತದೆ ಅಂತ ಕೇಳಿ ಅದನ್ನು ಎತ್ತಿಕೊಳ್ಳುವುದು. ನನ್ನ ಪ್ರಕಾರ ವೇಗ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ನಿಮ್ಮ ಕೋವಿಯಲ್ಲಿ ಕಿಡಿ ಎಲ್ಲಿಂದ ಹುಟ್ಟುತ್ತದೆ, ಮದ್ದಿಗೆ ಹೇಗೆ ತಲುಪುತ್ತದೆ ಅನ್ನುವುದೇ ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಕಪಾಟಿನ ಅರ್ಧ ಡಬ್ಬಿಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಮಲೆನಾಡು, ಕೊಡಗಿನ ಓದುಗರಿಗೆ ಕೋವಿಯ ಪರಿಚಯ ಮಾಡಿಸುವ ಅಗತ್ಯವಿಲ್ಲ. ಕೇಪಿನ ಕೋವಿ ನೋಡಿದವರು, ಬೆಳೆ ರಕ್ಷಣೆಗೆ ಎಸ್‌ಬಿಎಂಎಲ್ (ಒಂಟಿ ನಳಿಗೆಯ ಮಝಲ್‌ಲೋಡರ್) ಅಂತ ಬರೆದ ಲೈಸೆನ್ಸ್ ಇಟ್ಟುಕೊಂಡು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ಅಲ್ಲಿ ಪರ್ಮಿಟ್ ಪಡೆದು ಕಾಡಿಗೆ ಹೋಗುವ ಕನ್ನಡಿಗರಿಗೆ ಉಪಯೋಗಕ್ಕೆ ಬರಬಹುದು. ಉಳಿದವರಿಗೆ ಕೋವಿಯೊಳಗೆ ಏನಾಗುತ್ತದೆ ಅನ್ನುವ ಕುತೂಹಲ ತಣಿದರೂ ಸಾಕು.

ಮೊದಲು ಅಸಲಿ ಕರಿಮದ್ದನ್ನೇ ನೋಡೋಣ. ಪೆಟ್ಲುಪ್ಪು, ಇದ್ದಿಲು, ಗಂಧಕ, ಇಷ್ಟೇ ಅದರಲ್ಲಿ ಇರುವುದು. ಇದ್ದಿಲು ಮತ್ತು ಗಂಧಕ ಉರಿಯುತ್ತವೆ, ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ. ಗಂಧಕದಿಂದ ಇನ್ನೊಂದು ಲಾಭವೂ ಇದೆ: ಮದ್ದು ಬೇಗ ಹೊತ್ತಿಕೊಳ್ಳುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಕರಿಮದ್ದು ಕಾಳಿನ ಮೇಲ್ಮೈಯಿಂದ ಒಳಕ್ಕೆ ಉರಿಯುತ್ತಾ ಹೋಗುತ್ತದೆ. ಒಲೆಗೆ ಹಾಕಿದ ಸೀಳು ಸೌದೆ ಭಗ್ಗನೆ ಹತ್ತಿದರೆ ದಿಮ್ಮಿ ನಿಧಾನವಾಗಿ ಹತ್ತುತ್ತದೆ ಅಲ್ವಾ, ಇಲ್ಲೂ ಸಣ್ಣ ಕಾಳು ಬೇಗ, ದಪ್ಪ ಕಾಳು ನಿಧಾನ. ಕಾಳಿನ ಗಾತ್ರವನ್ನು ಡಬ್ಬಿಯ ಮೇಲೆ ಎಫ್ ಅಕ್ಷರಗಳಿಂದ ಗುರುತಿಸುತ್ತಾರೆ. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣದು. ಎರಡು ಎಫ್ ಇದ್ದರೆ ಸಾಮಾನ್ಯವಾಗಿ .50 ಮತ್ತು ಅದಕ್ಕಿಂತ ದೊಡ್ಡ ನಳಿಗೆಗೆ, ಮೂರು ಎಫ್ ಇದ್ದರೆ ಸಣ್ಣ ನಳಿಗೆಗೆ ಮತ್ತು ಪಿಸ್ತೂಲಿಗೆ. ನಾಲ್ಕು ಎಫ್ ಅನ್ನುವುದು ಹಿಟ್ಟಿನಷ್ಟು ನಯ. ಅದು ಚಕಮಕಿ ಕೋವಿಯ ಬಟ್ಟಲಿಗೆ ಮಾತ್ರ.

ಕರಿಮದ್ದಿನ ದೊಡ್ಡ ತೊಂದರೆ ಕೊಳಕು. ಉರಿದ ಮದ್ದಿನಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ. ಬಿಳಿ ಹೊಗೆಯಾಗಿ ಮುಖದ ಮುಂದೆ ನಿಲ್ಲುವುದು ಅದೇ, ನಳಿಗೆಯೊಳಗೆ ಕಪ್ಪು ಕಿಟ್ಟವಾಗಿ ಕೂರುವುದೂ ಅದೇ. ಆ ಕಿಟ್ಟ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟರೆ ನಳಿಗೆ ತುಕ್ಕು ಹಿಡಿಯುತ್ತದೆ. ತೊಳೆಯುವಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು.

ಆದರೂ ಪೈರೊಡೆಕ್ಸ್‌ನಂಥ ಬದಲಿ ಮದ್ದುಗಳು ಇಷ್ಟು ಹರಡಿದ್ದಕ್ಕೆ ಕೊಳಕಿಗಿಂತ ಕಾನೂನು ದೊಡ್ಡ ಕಾರಣ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕರಿಮದ್ದು ಸ್ಫೋಟಕದ ಪಟ್ಟಿಯಲ್ಲಿದೆ. ಹಳೇ ಮಾದರಿಯ ಕೋವಿಯಲ್ಲಿ ಆಟಕ್ಕೆ, ಬೇಟೆಗೆ ಬಳಸುವವರು 50 ಪೌಂಡ್‌ವರೆಗೆ ಲೈಸೆನ್ಸ್ ಇಲ್ಲದೆ ಕೊಳ್ಳಬಹುದು. ಆದರೆ ಮಾರುವವನಿಗೆ ಸ್ಫೋಟಕ ಲೈಸೆನ್ಸ್ ಬೇಕು, ದಾಸ್ತಾನಿಗೆ ಬೇರೆಯೇ ಕಟ್ಟುನಿಟ್ಟು. ಇಷ್ಟೆಲ್ಲ ರಗಳೆ ಯಾರಿಗೆ ಬೇಕು ಅಂತ ಸಾಮಾನ್ಯ ಅಂಗಡಿಯವನು ಅದನ್ನು ಇಡುವುದೇ ಇಲ್ಲ. ಬದಲಿ ಮದ್ದುಗಳಿಗೆ ಅಂಗಡಿಯಲ್ಲಿ ಈ ಕಾಟ ಇಲ್ಲ.

ಇಂಥ ಬದಲಿ ಮದ್ದನ್ನು ಮೊದಲು ಸಾಧಿಸಿದ್ದು ಡ್ಯಾನ್ ಪಾವ್ಲಾಕ್ ಎಂಬಾತ. ಆತ ರೂಪಿಸಿದ ಪೈರೊಡೆಕ್ಸನ್ನು ಹಾಜ್‌ಡನ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಮರುವರ್ಷವೇ ವಾಷಿಂಗ್ಟನ್ ರಾಜ್ಯದ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಪಾವ್ಲಾಕ್ ತೀರಿಕೊಂಡ. ಕರಿಮದ್ದಿಗಿಂತ ಸುರಕ್ಷಿತ ಅನ್ನುವ ಮಾತು ಈ ಮದ್ದುಗಳ ಬಗ್ಗೆ ಆಗಾಗ ಕೇಳಿಬರುತ್ತದೆ. ಹೊತ್ತಿಕೊಳ್ಳುವುದು ಕಷ್ಟ ಅನ್ನುವ ಮಟ್ಟಿಗೆ ಅದು ನಿಜ. ಹೊತ್ತಿಕೊಂಡ ಮೇಲೆ ಏನೂ ವ್ಯತ್ಯಾಸವಿಲ್ಲ.

ಕರಿಮದ್ದಿನ ಸರಬರಾಜು ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ ಅಂತ 2021ರಲ್ಲಿ ಗೊತ್ತಾಯಿತು. ಲೂಸಿಯಾನಾದ ಮಿಂಡನ್ ಬಳಿಯ ಗೋಎಕ್ಸ್ ಕಾರ್ಖಾನೆಯನ್ನು ಅದರ ಮಾಲೀಕ ಹಾಜ್‌ಡನ್ ಮುಚ್ಚುವುದಾಗಿ ಹೇಳಿತು. ಚಕಮಕಿ ಕೋವಿಯವರು ಕಂಗಾಲಾದರು. ಮರುವರ್ಷ ಎಸ್ಟೆಸ್ ಎನರ್ಜೆಟಿಕ್ಸ್ ಅದನ್ನು ಕೊಂಡಿತು. ಮಿಕ್ಕವರಿಗೆ ಬದಲಿ ಮದ್ದು ಇತ್ತು. ಚಕಮಕಿಯವರಿಗೆ ಮಾತ್ರ ಏಕೆ ಅಷ್ಟು ಕಂಗಾಲು? ಕಿಡಿಯ ಕಥೆ ಶುರುವಾಗುವುದೇ ಇಲ್ಲಿ.

ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಉದುರುತ್ತದೆ. ಆ ಕಿಡಿ ಪಕ್ಕದ ಬಟ್ಟಲಿನ ಚಿಟಿಕೆ ಮದ್ದಿಗೆ ಬೀಳಬೇಕು. ಬಟ್ಟಲಿನ ಉರಿ ನಳಿಗೆಯ ಪಕ್ಕದ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ದಾಟಬೇಕು. ಎರಡು ಕಡೆ ಬಾಗಿಲು, ಎರಡೂ ಕಡೆ ಬಡಕಲು ಬೆಂಕಿ. ಇಷ್ಟು ಸಣ್ಣ ಬಿಸಿಗೆ ಹೊತ್ತಿಕೊಳ್ಳುವುದು ಗಂಧಕ ಇರುವ ಅಸಲಿ ಕರಿಮದ್ದು ಮಾತ್ರ. ಬದಲಿ ಮದ್ದುಗಳಿಗೆ ಹೆಚ್ಚು ಬಿಸಿ ಬೇಕು. ಪೈರೊಡೆಕ್ಸ್ ತುಂಬಿ ಟ್ರಿಗರ್ ಎಳೆದರೆ ಬಟ್ಟಲಲ್ಲಿ ಬುಸ್ ಅಂದು ಸುಮ್ನೆ ಆಗುತ್ತದೆ. ಅಥವಾ ಇನ್ನೂ ಕೆಟ್ಟದ್ದು, ಒಂದು ಕ್ಷಣ ತಡೆದು ಆಮೇಲೆ ಸಿಡಿಯುತ್ತದೆ. ಆ ಒಂದು ಕ್ಷಣದಲ್ಲಿ ಬೇಟೆಗಾರ ಕೋವಿ ಇಳಿಸಿರುತ್ತಾನೆ. ಸಿಡಿಯದ ಕೋವಿಯ ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು ಅನ್ನುವ ನಿಯಮ ಬಂದಿದ್ದು ಇದಕ್ಕೇ. ಪೆನ್ಸಿಲ್ವೇನಿಯಾದ ಹಿಮದಲ್ಲಿ ಬಟ್ಟಲಿನ ಮದ್ದು ತೇವ ಹಿಡಿಯುವುದೂ ಮಾಮೂಲಿ. ಅಲ್ಲಿನವರು ಕೋವಿಯ ಆ ಭಾಗಕ್ಕೆ ಮೇಣ ಸವರಿದ ಚರ್ಮ ಸುತ್ತಿಕೊಂಡು ತಿರುಗುತ್ತಾರೆ, ಆಗಾಗ ಬಟ್ಟಲಿನ ಮದ್ದು ಚೆಲ್ಲಿ ಹೊಸದು ಹಾಕುತ್ತಾರೆ. ನಿಮ್ಮದು ಚಕಮಕಿ ಕೋವಿಯಾದರೆ ಬದಲಿ ಮದ್ದಿನ ಆಸೆ ಬಿಡಿ. ಲೈಸೆನ್ಸ್ ಇರುವ ಮಾರಾಟಗಾರನನ್ನು ಹುಡುಕಿ ಕರಿಮದ್ದೇ ತರಿಸಿಕೊಳ್ಳಿ.

ಕೇಪಿನ ಕೋವಿಯಲ್ಲಿ ದಾರಿ ಸ್ವಲ್ಪ ಸುಗಮ. ಟ್ರಿಗರ್ ಎಳೆದಾಗ ಕುದುರೆ (ಕೋವಿಯ ಸುತ್ತಿಗೆ) ಬಂದು ಕೇಪಿಗೆ, ಅಂದರೆ ಸಿಡಿಮದ್ದಿರುವ ಪುಟ್ಟ ಲೋಹದ ಟೊಪ್ಪಿಗೆ, ಬಡಿದರೆ ಉರಿ ಒಳಕ್ಕೆ ನುಗ್ಗುತ್ತದೆ. ಇಲ್ಲಿ ಪುಡಿ ಪೈರೊಡೆಕ್ಸ್ ಚೆನ್ನಾಗಿ ನಡೆಯುತ್ತದೆ, ಪುಡಿ ಟ್ರಿಪಲ್ ಸೆವೆನ್ ಕೂಡ ಬಹುತೇಕ ನಡೆಯುತ್ತದೆ. ಬಿಲ್ಲೆ ಹಾಕಿದರೆ ಅನುಮಾನ. ಹಳೇ ಮಾದರಿಯಲ್ಲಿ ಉರಿ ಪಕ್ಕದಿಂದ ಬಂದು ತಿರುಗಬೇಕು, ಬಿಲ್ಲೆಯ ಬುಡಕ್ಕೆ ಸರಿಯಾಗಿ ತಾಗುವುದಿಲ್ಲ. ಬ್ಲ್ಯಾಕ್‌ಹಾರ್ನ್ ಅಂತೂ ಬೇಡವೇ ಬೇಡ.

ಮೂರನೆಯದು ಇನ್‌ಲೈನ್. ಮಿಸ್ಸೂರಿಯ ಟೋನಿ ನೈಟ್ 1985ರಲ್ಲಿ ತಂದ ಎಂಕೆ-85 ಕೋವಿಯಿಂದ ಈ ಮಾದರಿ ಜನಪ್ರಿಯವಾಯಿತು. ಉರಿ ನಳಿಗೆಯ ಬುಡದಿಂದ ನೇರವಾಗಿ ಮದ್ದಿನ ಬೆನ್ನಿಗೇ ಬಡಿಯುತ್ತದೆ. ಈಗಿನ ಇನ್‌ಲೈನ್‌ಗಳಲ್ಲಿ ಕೇಪಿನ ಜಾಗದಲ್ಲಿ 209 ಪ್ರೈಮರ್ ಇರುತ್ತದೆ. ಅದು ಶಾಟ್‌ಗನ್ ತೋಟಾಕ್ಕೆ ಹಾಕುವ, ಬಡಿದರೆ ಉರಿ ಚಿಮ್ಮುವ ಪ್ರೈಮರ್. ಕೇಪಿಗಿಂತ ಎಷ್ಟೋ ಪಾಲು ಬಿಸಿ. ಇಂಥ ಕೋವಿ ಇದ್ದವರಿಗೆ ಮಾತ್ರ ಕಪಾಟು ಪೂರ್ತಿ ತೆರೆದಿರುತ್ತದೆ.

ಈಗ ಡಬ್ಬಿಗಳಿಗೆ ಬರೋಣ. ಪೈರೊಡೆಕ್ಸ್ ಕರಿಮದ್ದಿನ ಹತ್ತಿರದ ಸಂಬಂಧಿ. ಇದ್ದಿಲು, ಗಂಧಕ, ಪೆಟ್ಲುಪ್ಪು ಎಲ್ಲ ಇದರಲ್ಲೂ ಇವೆ, ಜೊತೆಗೆ ಪೊಟ್ಯಾಷಿಯಂ ಪರ್ಕ್ಲೋರೇಟ್ ಮತ್ತಿತರ ವಸ್ತುಗಳು. ಆರ್‌ಎಸ್ ಅಂತ ಬರೆದದ್ದು ರೈಫಲ್‌ಗೆ, ಪಿ ಅಂತ ಬರೆದದ್ದು ಪಿಸ್ತೂಲಿಗೆ. ಅಗ್ಗ, ಸುಲಭವಾಗಿ ಸಿಗುತ್ತದೆ, ಕೇಪಿಗೆ ಒಗ್ಗುತ್ತದೆ. ಕೆಟ್ಟದ್ದು ಅದರ ಕಿಟ್ಟ. ಪರ್ಕ್ಲೋರೇಟ್ ಉರಿದು ಕ್ಲೋರೈಡ್ ಆಗುತ್ತದೆ. ಅಡಿಗೆ ಉಪ್ಪಿನಲ್ಲಿ ಇರುವುದೂ ಕ್ಲೋರೈಡೇ. ಅದು ಉಕ್ಕಿಗೆ ಏನು ಮಾಡುತ್ತದೆ ಅಂತ ಕರಾವಳಿಯಲ್ಲಿ ಬೈಕ್ ಇಟ್ಟವರಿಗೆ ಹೇಳಬೇಕಾಗಿಲ್ಲ. ಸೋಮಾರಿಗಳಿಗೆ ಈ ಮದ್ದು ಅಲ್ಲ.

ಟ್ರಿಪಲ್ ಸೆವೆನ್ ಕೂಡ ಹಾಜ್‌ಡನ್‌ನದೇ. ಗಂಧಕ ಇಲ್ಲ, ಆ ವಾಸನೆ ಇಲ್ಲ, ಬರೀ ನೀರಿನಲ್ಲಿ ಕಿಟ್ಟ ಬಿಡುತ್ತದೆ. ಶಕ್ತಿ ಮಾತ್ರ ಜಾಸ್ತಿ. ಅಷ್ಟೇ ಅಳತೆಯ ಕರಿಮದ್ದಿಗಿಂತ ಬಿರುಸು ಹೆಚ್ಚಾದ್ದರಿಂದ, ಕರಿಮದ್ದಿನ ವೇಗವೇ ಸಾಕು ಅನ್ನುವವರು ಅಳತೆಯನ್ನು 15 ಶೇಕಡಾ ಇಳಿಸಬೇಕು ಅನ್ನುತ್ತದೆ ಕಂಪನಿ. 100 ಗ್ರೇನ್ ಕರಿಮದ್ದು ಹಾಕುತ್ತಿದ್ದ ಜಾಗದಲ್ಲಿ 85 ಸಾಕು.

ಇದರ ಕಾಟ ಅಂದರೆ ಉಂಗುರ. ಮೊದಲ ಗುಂಡು ಹಾರಿದ ಮೇಲೆ, ಗುಂಡು ಕೂರುವ ಜಾಗದ ಆಸುಪಾಸಿನಲ್ಲಿ, ನಳಿಗೆಯ ಒಳಸುತ್ತಿಗೆ ಗಟ್ಟಿ ಕಿಟ್ಟದ ಬಳೆಯೊಂದು ಕಟ್ಟಿಕೊಳ್ಳುತ್ತದೆ. ಎರಡನೇ ಗುಂಡನ್ನು ಗಜದಿಂದ, ಅಂದರೆ ತುಂಬುವ ಕೋಲಿನಿಂದ, ತಳ್ಳುತ್ತಾ ಹೋಗುತ್ತೀರಿ. ಸರಾಗ ಇಳಿಯುತ್ತಿದ್ದ ಕೋಲು ಬುಡಕ್ಕೆ ಇನ್ನೊಂದು ಅಂಗುಲ ಇದೆ ಅನ್ನುವಾಗ ಗಕ್ಕನೆ ನಿಲ್ಲುತ್ತದೆ. ಗುಂಡು ಕೂತಿತು ಅಂದುಕೊಂಡು ಕೋಲು ಎಳೆದುಕೊಂಡರೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಹಳಬರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಸ್ವಚ್ಛ ನಳಿಗೆಗೆ ತಮ್ಮ ಮಾಮೂಲಿ ಮದ್ದು, ಗುಂಡು ತುಂಬಿ, ಕೋಲನ್ನು ಒಳಗಿಟ್ಟು, ಮೂತಿಯ ಮಟ್ಟದಲ್ಲಿ ಅದರ ಮೇಲೆ ಒಂದು ಗೆರೆ ಗೀಚಿಕೊಳ್ಳುತ್ತಾರೆ. ಮುಂದೆ ಯಾವಾಗ ತುಂಬಿದರೂ ಗೆರೆ ಮೂತಿಗೆ ಸಮ ಬರಬೇಕು. ಬರಲಿಲ್ಲವೋ, ಹಾರಿಸುವ ಹಾಗಿಲ್ಲ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯ ತುಂಡೊಂದನ್ನು ನಳಿಗೆಯಲ್ಲಿ ಆಡಿಸಿ, ಆಮೇಲೆ ಒಣ ಬಟ್ಟೆ ಆಡಿಸಿದರೆ ಬಳೆ ಬಿಡುತ್ತದೆ. ಪ್ರೈಮರ್ ಬಿಸಿ ಹೆಚ್ಚಾದಷ್ಟೂ ಬಳೆ ಗಟ್ಟಿ ಅನ್ನುವ ಕಾರಣಕ್ಕೆ ಸ್ವಲ್ಪ ಮೆದು ಉರಿಯ 209 ಪ್ರೈಮರ್‌ಗಳನ್ನೂ ಮಾಡುತ್ತಾರೆ.

ಬ್ಲ್ಯಾಕ್‌ಹಾರ್ನ್ 209 ಇವುಗಳ ಜಾತಿಗೇ ಸೇರಿದ್ದಲ್ಲ. ಮೊಂಟಾನಾದ ವೆಸ್ಟರ್ನ್ ಪೌಡರ್ಸ್ 2008ರಲ್ಲಿ ತಂದ ಇದರ ತಳಹದಿ ನೈಟ್ರೊಸೆಲ್ಯುಲೋಸ್. ಆ ಕಂಪನಿಯೂ 2020ರಲ್ಲಿ ಹಾಜ್‌ಡನ್ ಪಾಲಾಯಿತು. ಈ ಮದ್ದು ತೇವ ಹೀರುವುದಿಲ್ಲ, ಕಿಟ್ಟ ಕಡಿಮೆ, ನಡುವೆ ಒರೆಸದೆ ಹಲವು ಗುಂಡು ಹಾರಿಸಬಹುದು. ಬೇಟೆಗೆ ಇದಕ್ಕಿಂತ ಅನುಕೂಲದ್ದು ಸದ್ಯಕ್ಕೆ ಇಲ್ಲ ಅನ್ನಬಹುದು. ಆದರೆ ಇದು ಹೊತ್ತಿಕೊಳ್ಳಲು 209 ಪ್ರೈಮರ್‌ನ ಬಿಸಿಯೇ ಬೇಕು. ಪ್ರೈಮರ್‌ನ ಉರಿ ದಾರಿಯಲ್ಲಿ ಸೋರಿಹೋಗದಂತೆ ನಳಿಗೆಯ ಹಿಂಬದಿ ಮುಚ್ಚುವ ಬುಡದ ಪ್ಲಗ್ಗೂ ಸರಿಯಾದದ್ದಿರಬೇಕು. ಕೆಲವು ಕೋವಿಗಳಿಗೆ ಬೇರೆ ಪ್ಲಗ್ ಕೊಂಡು ಹಾಕಬೇಕಾಗುತ್ತದೆ. ಬೆಲೆಯೂ ಜಾಸ್ತಿ, ಡಬ್ಬಿಯೂ ಚಿಕ್ಕದು. ಪೈರೊಡೆಕ್ಸ್ ಪೌಂಡ್ ಲೆಕ್ಕದಲ್ಲಿ ಬಂದರೆ ಇದು 10 ಔನ್ಸ್.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಡವುವುದು ಇಲ್ಲೇ. ಗ್ರೇನ್ ಅನ್ನುವುದು ಮೂಲತಃ ತೂಕ. ಒಂದು ಪೌಂಡಿಗೆ 7000 ಗ್ರೇನ್, ನಮ್ಮ ಲೆಕ್ಕದಲ್ಲಿ 100 ಗ್ರೇನ್ ಅಂದರೆ ಆರೂವರೆ ಗ್ರಾಂ. ಆದರೆ ಬದಲಿ ಮದ್ದನ್ನು ತೂಗುವುದಿಲ್ಲ, ಅಳೆಯುತ್ತಾರೆ. 100 ಗ್ರೇನ್ ಕರಿಮದ್ದು ಹಿಡಿಯುವ ಅಳತೆಗೊಳವೆಯಲ್ಲಿ ಎಷ್ಟು ಬದಲಿ ಮದ್ದು ಹಿಡಿಯುತ್ತದೋ ಅದನ್ನೇ 100 ಗ್ರೇನ್ ಅನ್ನುತ್ತಾರೆ. ಬದಲಿ ಮದ್ದು ಹಗುರ. ಬ್ಲ್ಯಾಕ್‌ಹಾರ್ನ್ ಆದರೆ ಅದರ ನಿಜವಾದ ತೂಕ ಸುಮಾರು 70 ಗ್ರೇನ್ ಅಷ್ಟೇ. ಈಗ ಯಾರೋ ಒಬ್ಬರು ತುಂಬಾ ಕರಾರುವಾಕ್ಕಾಗಿ ಮಾಡೋಣ ಅಂತ ತಕ್ಕಡಿಯಲ್ಲಿ 100 ಗ್ರೇನ್ ಬ್ಲ್ಯಾಕ್‌ಹಾರ್ನ್ ತೂಗಿ ಸುರಿದರು ಅನ್ನಿ. ಅಳತೆಯ ಲೆಕ್ಕದಲ್ಲಿ ಅದು 143ರ ಹತ್ತಿರ. ಕಂಪನಿ ಹೇಳುವ ಗರಿಷ್ಠ ಮಿತಿ 120. ಸಾಮಾನ್ಯವಾಗಿ ಒಳ್ಳೆಯ ಗುಣವಾದ ಎಚ್ಚರಿಕೆಯೇ ಇಲ್ಲಿ ನಳಿಗೆ ಒಡೆಯುವ ದಾರಿಯಾಗುತ್ತದೆ. ಅಳತೆಗೊಳವೆ ಬಳಸಿ. ತೂಗಲೇಬೇಕು ಅಂದರೆ ಕಂಪನಿ ಕೊಟ್ಟ ತೂಕದ ಪಟ್ಟಿ ನೋಡಿ ತೂಗಿ. ಕೋವಿಯ ಕೈಪಿಡಿಯಲ್ಲಿರುವ ಮಿತಿ ಇನ್ನೂ ಕಡಿಮೆ ಇದ್ದರೆ ಅದೇ ಅಂತಿಮ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಮಾತ್ರ ಯಾವತ್ತೂ ಸುರಿಯಬೇಡಿ. ಒಳಗೆ ಕೆಂಡದ ಚೂರು ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಹೊತ್ತಿಕೊಳ್ಳುತ್ತದೆ.

ಈ ಅಳತೆಯ ತಲೆನೋವಿಗೇ ಬಿಲ್ಲೆ ಬಂದದ್ದು. ಸಾಮಾನ್ಯವಾಗಿ ಒಂದು ಬಿಲ್ಲೆ 50 ಗ್ರೇನಿಗೆ ಸಮ, ಎರಡು ಹಾಕಿದರೆ 100. ನಡುವೆ ತೂತು ಇರುತ್ತದೆ, ಉರಿ ಒಳಗಿಂದಲೂ ಹರಡಲಿ ಅಂತ. ಪೈರೊಡೆಕ್ಸ್ ಬಿಲ್ಲೆಯ ಒಂದು ತುದಿಗೆ ಬೇಗ ಹತ್ತುವ ಕಪ್ಪು ಲೇಪವಿದೆ, ಆ ತುದಿ ಪ್ರೈಮರ್ ಕಡೆಗಿರಬೇಕು. ಚಳಿಯಲ್ಲಿ, ಕೈಗವಸು ಹಾಕಿಕೊಂಡು, ಅರೆಗತ್ತಲಲ್ಲಿ ಎರಡನೇ ಸಲ ತುಂಬುವವರಿಗೆ ಬಿಲ್ಲೆಯಷ್ಟು ಸಲೀಸು ಇನ್ನೊಂದಿಲ್ಲ. ಆದರೆ ನಿಮ್ಮ ನಳಿಗೆಗೆ 85 ಗ್ರೇನಿನಲ್ಲಿ ಗುಂಡುಗಳು ಒಂದೇ ಕಡೆ ಬೀಳುತ್ತವೆ ಅಂತಿದ್ದರೆ ಬಿಲ್ಲೆಯಲ್ಲಿ ಅದನ್ನು ಹೊಂದಿಸಲಾಗುವುದಿಲ್ಲ. ಮೂರು ಬಿಲ್ಲೆ ಹಾಕಿ 150 ಮಾಡುವ ಚಟ ಕೆಲವರಿಗಿದೆ. ಒದೆತ ಹೆಚ್ಚುತ್ತದೆ, ಹೊಗೆ ಹೆಚ್ಚುತ್ತದೆ, ಗುರಿ ಬಹಳಷ್ಟು ಸಲ ಕೆಡುತ್ತದೆ. ಹೆಚ್ಚಿನ ಜಿಂಕೆಗಳು ನೂರು ಗಜದೊಳಗೇ ಬೀಳುವಾಗ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಇನ್ನೊಂದು ಅಪಾಯದ ಗೊಂದಲ. ಬ್ಲ್ಯಾಕ್‌ಹಾರ್ನ್‌ನಲ್ಲಿ ನೈಟ್ರೊಸೆಲ್ಯುಲೋಸ್ ಇದೆ, ರೈಫಲ್ ತೋಟಾದ ಹೊಗೆರಹಿತ ಮದ್ದಿನಲ್ಲೂ ಅದೇ ಇದೆ, ಹಾಗಿದ್ದರೆ ಇದೂ ಅದೂ ಒಂದೇ ತಾನೇ ಅಂತ ಕೇಳುವವರಿದ್ದಾರೆ. ಒಂದೇ ಅಲ್ಲ. ಬ್ಲ್ಯಾಕ್‌ಹಾರ್ನ್ ಅನ್ನು ಕರಿಮದ್ದಿನ ಅಳತೆಗೊಳವೆಗೆ, ಕರಿಮದ್ದಿನ ಕೋವಿ ತಾಳುವ ಒತ್ತಡಕ್ಕೆ ಹೊಂದುವ ಹಾಗೆ ಮಾಡಿದ್ದಾರೆ. ಹೊಗೆರಹಿತ ಮದ್ದನ್ನು ಹಾಗೆ ಮಾಡಿಲ್ಲ. ಅದನ್ನು ಅದೇ ಅಳತೆಯಲ್ಲಿ ಸುರಿದರೆ ಒತ್ತಡ ಎಲ್ಲಿಗೋ ಏರಿ ನಳಿಗೆ ಸೀಳುತ್ತದೆ, ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ. ಸ್ಯಾವೇಜ್ 10ಎಂಎಲ್-2 ತರಹ ಹೊಗೆರಹಿತ ಮದ್ದಿಗೆಂದೇ ಕಟ್ಟಿದ ಕೆಲವೇ ಕೋವಿಗಳನ್ನು ಬಿಟ್ಟರೆ ಇದು ಎಲ್ಲ ಮಝಲ್‌ಲೋಡರ್‌ಗೂ ಅನ್ವಯ. ಎರಡು ಮದ್ದು ಬೆರೆಸುವುದೂ ಬೇಡ.

ಕಿಡಿ ನೋಡಿದ್ದಾಯಿತು, ಮದ್ದು ನೋಡಿದ್ದಾಯಿತು. ಆದರೂ ದುಡ್ಡು ಕೊಡುವ ಮುಂಚೆ ರಾಜ್ಯದ ಆ ವರ್ಷದ ಬೇಟೆ ಕೈಪಿಡಿ ತೆರೆಯಲೇಬೇಕು. ಕೊಲರಾಡೊದ ಮಝಲ್‌ಲೋಡರ್ ಸೀಸನ್‌ನಲ್ಲಿ ಬಿಲ್ಲೆ ನಿಷಿದ್ಧ, ಹೊಗೆರಹಿತ ಮದ್ದೂ ನಿಷಿದ್ಧ. ಬೇರೆ ರಾಜ್ಯದಿಂದ ಸಾವಿರಾರು ಡಾಲರ್ ಖರ್ಚು ಮಾಡಿ ಎಲ್ಕ್‌ಗೆ ಬಂದವನ ಚೀಲದಲ್ಲಿ ಬಿಲ್ಲೆ ಸಿಕ್ಕರೆ ಕಥೆ ಅಲ್ಲಿಗೇ ಮುಗಿಯಿತು. ಐಡಾಹೊ ಇನ್ನೂ ಬಿಗಿ. ಅಲ್ಲಿ ಮಝಲ್‌ಲೋಡರ್‌ಗೆಂದೇ ಮೀಸಲಾದ ಬೇಟೆಯಲ್ಲಿ ಪುಡಿ ಮದ್ದೇ ಆಗಬೇಕು, 209 ಪ್ರೈಮರ್ ಕೂಡದು. 209 ಇಲ್ಲವೆಂದರೆ ಬ್ಲ್ಯಾಕ್‌ಹಾರ್ನ್ ಕೂಡ ಇಲ್ಲ ಅಂತಲೇ ಅರ್ಥ. 2020ರಲ್ಲಿ ಫೆಡರಲ್ ಕಂಪನಿ ಫೈರ್‌ಸ್ಟಿಕ್ ಅಂತ ಒಂದು ತಂದಿತು. ಮದ್ದು ಪ್ಲಾಸ್ಟಿಕ್ ಕೊಳವೆಯೊಳಗೆ ಮುಚ್ಚಿಕೊಂಡು ಬರುತ್ತದೆ, ಅದನ್ನು ಕೋವಿಯ ಹಿಂಬದಿಯಿಂದ ಹಾಕುತ್ತಾರೆ, ಗುಂಡು ಮಾತ್ರ ಮೂತಿಯಿಂದ. ಇದನ್ನು ಮಝಲ್‌ಲೋಡರ್ ಅನ್ನಬೇಕೋ ಬೇಡವೋ ಅನ್ನುವುದರಲ್ಲಿ ರಾಜ್ಯಗಳಿಗೇ ಒಮ್ಮತವಿಲ್ಲ.

ವೀಸಾದ ಮೇಲಿರುವ ನಮ್ಮವರಿಗೆ ಒಂದು ಮಾತು. 1968ರ ಕೇಂದ್ರ ಕಾನೂನು ಹೆಚ್ಚಿನ ಮಝಲ್‌ಲೋಡರ್‌ಗಳನ್ನು ಪುರಾತನ ಕೋವಿಯ ಲೆಕ್ಕಕ್ಕೆ ಸೇರಿಸುತ್ತದೆ, ರಾಜ್ಯದ ಕಾನೂನು ಹಾಗೆ ಮಾಡದೇ ಇರಬಹುದು. ಅಂಗಡಿಯವನು ಮಾರಿದ ಮಾತ್ರಕ್ಕೆ ನೀವು ಇಟ್ಟುಕೊಳ್ಳಬಹುದು ಅಂತಲ್ಲ. ವಕೀಲರನ್ನು ಕೇಳಿ.

ಕೊನೆಗೆ ತೊಳೆಯುವ ಕೆಲಸ. ಕರಿಮದ್ದು, ಪೈರೊಡೆಕ್ಸ್ ಆದರೆ ಸೋಪು ಹಾಕಿದ ಬಿಸಿನೀರು, ಅದೇ ದಿನ ಸಂಜೆ. ಟ್ರಿಪಲ್ ಸೆವೆನ್‌ಗೆ ಬರೀ ನೀರು ಸಾಕು. ಆಮೇಲೆ ಒಣಗಿಸಿ ಎಣ್ಣೆ ಸವರಬೇಕು, ಇನ್‌ಲೈನ್ ಆದರೆ ಬುಡದ ಪ್ಲಗ್ ಬಿಚ್ಚಿ ಅದರ ತಿರುಪಿನ ಸುತ್ತುಗಳಿಗೆ ಗ್ರೀಸ್ ಹಚ್ಚಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬಿಚ್ಚಲು ಬರುವುದಿಲ್ಲ. ಬ್ಲ್ಯಾಕ್‌ಹಾರ್ನ್‌ಗೆ ಮಾತ್ರ ಈ ನೀರಿನ ಉಪಚಾರ ನಡೆಯುವುದಿಲ್ಲ. ಅದಕ್ಕೆ ಆಧುನಿಕ ರೈಫಲ್ ತೊಳೆಯುವ ಸಾಲ್ವೆಂಟ್ ಬೇಕು, ಆ ಬಾಟಲಿಯನ್ನೂ ಮದ್ದಿನ ಜೊತೆಗೇ ಕೊಂಡುಬಿಡಿ. ಬೇಟೆಯ ದಿನಗಳಲ್ಲಿ ಕೋವಿಯನ್ನು ಚಳಿಯಿಂದ ಬಿಸಿ ಕೋಣೆಗೆ ತಂದರೆ ನಳಿಗೆ ಬೆವರುತ್ತದೆ, ಒಳಗಿನ ಮದ್ದಿಗೂ ತೇವ ತಾಗುತ್ತದೆ. ಅದಕ್ಕೇ ಹಳಬರು ಕೇಪು ಅಥವಾ ಪ್ರೈಮರ್ ತೆಗೆದು, ಕೋವಿಯನ್ನು ಹೊರಗಿನ ಶೆಡ್ಡಿನಲ್ಲೇ ಬೀಗ ಹಾಕಿ ಇಡುತ್ತಾರೆ. ಹಾಗೆ ತುಂಬಿಟ್ಟ ಕೋವಿಯನ್ನು ಕಾರಿನಲ್ಲಿ ಒಯ್ಯಬಹುದೋ ಇಲ್ಲವೋ ಅನ್ನುವುದಕ್ಕೂ ರಾಜ್ಯದ ಕೈಪಿಡಿಯಲ್ಲಿ ಉತ್ತರ ಇರುತ್ತದೆ.